ನರಿ ಕಣ್ಣಿನ ತಕರಾರು

ನಾರ್ತ್ ಕೆರೊಲಿನಾ
20 ಸೆಪ್ಟೆಂಬರ್ 2023

ಪಿ.ಟಿ. ಮೇಷ್ಟ್ರಾದ ಅನ್ವರ್ ಪಾಷಾ ಸಾಹೇಬರಿಗೆ ತ್ಯಾಗರಾಜನ ನಮಸ್ಕಾರಗಳು.

ನಿಮ್ಮ ವಿಳಾಸ ಕೇಳಿದಾಗ ನಿಮ್ಮ ಮಗಳು ಮಕ್ಸೂದಾ, "ಅಂಕಲ್, ವಾಟ್ಸಾಪ್ ಮಾಡಿ, ಇಲ್ಲಾ ಕಾಲ್ ಮಾಡಿ. ಲೆಟರ್ ಯಾಕೆ?" ಅಂದಳು. ಫೋನಿನಲ್ಲಾದರೆ ನಿಮ್ಮಪ್ಪ ಅರ್ಧ ಕೇಳಿಸಿಕೊಂಡು ಪೂರ್ತಿ ಜಗಳ ಆಡುತ್ತಾರೆ, ಪತ್ರವಾದರೆ ಪೂರ್ತಿ ಓದಿ ಆಮೇಲೆ ಜಗಳ ಆಡುತ್ತಾರೆ ಎಂದೆ. ನಕ್ಕು ಕೊಟ್ಟಳು.

ನಾನು ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಮಗಳು ಸಿದ್ದೇಶ್ವರಿ ಇಲ್ಲಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಮನೆ ಕಾಲೇಜಿನ ಮಗ್ಗುಲಲ್ಲೇ. ಒಂದು ಸಂಜೆ ವಾಕಿಂಗ್ ಹೋದವನಿಗೆ ಕಾಲೇಜಿನ ಹಿಂದುಗಡೆ ಹಾಕಿ ಮೈದಾನ ಕಂಡಿತು ನೋಡಿ, ಕಳೆದುಹೋದ ನೆಂಟ ಸಿಕ್ಕ ಹಾಗಾಯಿತು. ಇಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ನಮ್ಮದಕ್ಕೆ ಫೀಲ್ಡ್ ಹಾಕಿ ಎನ್ನಬೇಕು, ಅದನ್ನು ಕಾಲೇಜುಗಳಲ್ಲಿ ಹುಡುಗಿಯರು ಮಾತ್ರ ಆಡುತ್ತಾರೆ. ದಿನಾ ಬೇಲಿಯಾಚೆ ನಿಂತು ನೋಡುತ್ತಿದ್ದೆ. ಎಂಟನೇ ನಂಬರಿನ ಒಬ್ಬಳಿದ್ದಾಳೆ. ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ನುಸುಳುವ ನಿಮ್ಮ ಮೈಸೂರು ಮೋಸವನ್ನು ಅವಳಿಗೆ ಯಾರು ಕಲಿಸಿದರೋ. ದಸರಾ ಪಂದ್ಯಗಳಲ್ಲಿ ನಿಮ್ಮ ಹುಡುಗರು ಹಾಗೆ ನುಸುಳುವಾಗ ಮೈ ಅಡ್ಡ ತಂದರೆಂದು ನಾನು ಸೀಟಿ ಊದಿದರೆ, ನೀವು ಗೆರೆ ದಾಟಿ ಬಂದು ವಾದಕ್ಕೆ ನಿಲ್ಲುತ್ತಿದ್ದಿರಿ.

ಈಗ ಮೈದಾನ ಖಾಲಿ. ಹಿರಿಯ ಹುಡುಗಿಯರು ಹೊಸಬರನ್ನು ತಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಸಾಲಾಗಿ ಕೂರಿಸಿ, ಹೊಗೆ ಹಾಕಿ ಹಿಂಸೆ ಕೊಟ್ಟರಂತೆ. ನಮ್ಮ ರ‍್ಯಾಗಿಂಗ್‌ಗೆ ಇಲ್ಲಿ ಹೇಜಿಂಗ್ ಎನ್ನುತ್ತಾರೆ. ಒಬ್ಬ ಹುಡುಗಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದಳು. ಯಾರೋ ವಿಡಿಯೋ ಮಾಡಿ ಹರಡಿದ್ದಾರೆ. ಅದರಲ್ಲಿ ಕ್ಯಾಪ್ಟನ್ ಮತ್ತೆ ಮತ್ತೆ "ನಾರ್ಕ್ಯಾನ್, ನಾರ್ಕ್ಯಾನ್" ಎನ್ನುತ್ತಾಳೆಂದು, ಹೆಸರು ಮಾತ್ರ ಹಾಕದೆ, ಪೇಪರಿನಲ್ಲಿ ಬಂದಿದೆ. ವಿಡಿಯೋದ ಕೆಳಗೆ ತಾನಾಗಿ ಮೂಡುವ ಅಕ್ಷರದಲ್ಲೂ ಹಾಗೇ ಇದೆಯಂತೆ. ಡ್ರಗ್ಸ್ ಅತಿಯಾಗಿ ಪ್ರಜ್ಞೆ ತಪ್ಪಿದವರ ಮೂಗಿಗೆ ಬಿಡುವ ಔಷಧಿಯದು. ಅಲ್ಲಿಗೆ ಇದು ಡ್ರಗ್ಸ್ ಕೇಸೂ ಆಯಿತು.

ಎರಡು ವರ್ಷ ಹಾಕಿಯನ್ನೇ ಅಮಾನತು ಮಾಡಬೇಕೇ ಎಂದು ನಿರ್ಧರಿಸಲು ಕಾಲೇಜು ಸಮಿತಿ ಮಾಡಿದೆ. ಮಾಡಲೇಬೇಕು ಎನ್ನುವುದು ನನ್ನ ತೀರ್ಪು. ಮಾಡಿದವಳು ಒಬ್ಬಳೇ ಇರಬಹುದು, ಉಳಿದವರು ನೋಡುತ್ತ ನಿಂತಿದ್ದರಲ್ಲ. ಒಬ್ಬನಿಗೆ ಹಳದಿ ಕಾರ್ಡ್ ಕೊಟ್ಟರೂ ಇಡೀ ತಂಡ ಹತ್ತು ಜನರಲ್ಲಿ ಆಡಬೇಕಾಗುತ್ತದೆ. ನೀವೇನು ಹೇಳುತ್ತೀರಿ? ಸಿದ್ದೇಶ್ವರಿಯ ಹತ್ತಿರ ಈ ವಿಷಯ ಎತ್ತಿದರೆ ಪಾತ್ರೆ ತೊಳೆಯಲು ಎದ್ದುಹೋಗುತ್ತಾಳೆ.

ತ್ಯಾಗರಾಜ


ಕ್ಲಾರ್ಕ್ಸ್‌ಬರ್ಗ್, ಮೇರಿಲ್ಯಾಂಡ್
26 ಸೆಪ್ಟೆಂಬರ್ 2023

ಅಂಪೈರ್ ಸಾಹೇಬರಿಗೆ ಸಲಾಂ.

ನಿಮ್ಮ ಪತ್ರ ಪೂರ್ತಿ ಓದಿದೆ. ಈಗ ಜಗಳ.

ಹಳದಿ ಕಾರ್ಡ್ ಕೊಟ್ಟ ಅಂಪೈರು ಮೈದಾನಕ್ಕೇ ಬೀಗ ಹಾಕಿಕೊಂಡು ಮನೆಗೆ ಹೋಗುತ್ತಾನೆಯೇ? ತಪ್ಪು ಮಾಡಿದವರನ್ನು ಹೊರಗೆ ಕೂರಿಸಲಿ, ಬೇಡ ಅಂದವರು ಯಾರು? ಮೂವತ್ತು ವರ್ಷ ಸ್ಕೂಲಿನಲ್ಲಿ ಮಕ್ಕಳನ್ನು ಆಡಿಸಿದವನು ನಾನು. ಕ್ಲಾಸಿನಲ್ಲಿ ಯಾರಾದರೂ ಕಿಟಕಿ ಗಾಜು ಒಡೆದರೆ ಹೆಡ್‌ಮಾಸ್ಟರು ಮೊದಲು ಕಿತ್ತುಕೊಳ್ಳುತ್ತಿದ್ದುದು ನನ್ನ ಆಟದ ಪೀರಿಯಡ್ಡನ್ನೇ. ಶಿಕ್ಷೆಯೆಂದು ಗಣಿತದ ಪೀರಿಯಡ್ ಕಿತ್ತುಕೊಂಡ ಹೆಡ್‌ಮಾಸ್ಟರನ್ನು ನಾನಿನ್ನೂ ಕಂಡಿಲ್ಲ. ನಿಮ್ಮ ಕಾಲೇಜೂ ಅದೇ ಜಾತಿಯದು. ಎರಡು ವರ್ಷ ನಿಲ್ಲಿಸಿದರೆ ಕೊನೆಯ ವರ್ಷದ ಹುಡುಗಿಯರ ಕಥೆ ಏನಾಗಬೇಕು? ಅವರಿಗೆ ಮತ್ತೊಂದು ಸೀಸನ್ ಇಲ್ಲ.

ಅಂದಹಾಗೆ ಆ ಎಂಟನೇ ನಂಬರಿನವಳ ಬಗ್ಗೆ ಇನ್ನಷ್ಟು ಬರೆಯಿರಿ. ತಲೆ ಎತ್ತಿ ಆಡುತ್ತಾಳೋ, ಚೆಂಡನ್ನೇ ನೋಡುತ್ತಾಳೋ? ಎಡಗೈ ಹಿಡಿತ ಹೇಗಿದೆ? ಸುಮ್ಮನೆ ಕುತೂಹಲ.

ಇಲ್ಲಿ ಎಲ್ಲರೂ ಸೌಖ್ಯ. ಮಕ್ಸೂದಾ ರಾಕ್‌ವಿಲ್‌ನ ಲ್ಯಾಬಿಗೆ ಹೋಗಿಬರುತ್ತಾಳೆ. ಮೊಮ್ಮಗಳು ಆಮ್ನಾ ಶುಕ್ರವಾರ ಹೇಳದೆ ಕೇಳದೆ ಕಾಲೇಜಿನಿಂದ ಬಂದಿಳಿದಳು. ಪಾಠವನ್ನು ಕಂಪ್ಯೂಟರಿನಲ್ಲೇ ಕೇಳುತ್ತಾಳಂತೆ. ಅವರಮ್ಮ ಬಿರಿಯಾನಿ ಮಾಡಿದರೂ ತಟ್ಟೆಯಲ್ಲಿ ಅಗುಳು ಎಣಿಸುತ್ತ ಕೂರುತ್ತಾಳೆ. ಏನಮ್ಮಾ ಅಂದರೆ, "ನಥಿಂಗ್, ನಾನಾ." ಅಜ್ಜನಾದವನು ಇದಕ್ಕೆ ಏನು ಮಾಡಬೇಕೋ ತಿಳಿಯದು.

ಅನ್ವರ್ ಪಾಷಾ


ನಾರ್ತ್ ಕೆರೊಲಿನಾ
2 ಅಕ್ಟೋಬರ್ 2023

ಮೇಷ್ಟ್ರೇ,

ಮೊದಲು ನಿಮ್ಮ ಮೊಮ್ಮಗಳ ವಿಷಯ. ಓದುವ ವಯಸ್ಸಿನ ಹುಡುಗಿ, ಊಟ ಸೇರುವುದಿಲ್ಲ, ಕೇಳಿದರೆ ನಥಿಂಗ್. ಇದು ನನಗೆ ಕನ್ನಡಿಯಷ್ಟು ಸ್ಪಷ್ಟ. ಯಾವನೋ ಹುಡುಗನ ಸಮಾಚಾರ. ರೇಗಬೇಡಿ. ಹುಡುಗ ಯಾರು, ಎತ್ತ ಎಂದು ಮೆಲ್ಲಗೆ ಕೇಳಿ. ಒಳ್ಳೆಯ ಮನೆಯವನಾದರೆ ಒಪ್ಪಿಬಿಡಿ. ಮದುವೆಗೆ ನನ್ನನ್ನು ಕರೆಯದಿದ್ದರೆ ಮಾತ್ರ ನೋಡಿಕೊಳ್ಳುತ್ತೇನೆ.

ಎಂಟನೇ ನಂಬರು ತಲೆ ಎತ್ತಿ ಆಡುತ್ತಾಳೆ. ಎಡಗೈ ಬಿಗಿ, ಬಲಗೈ ಸಡಿಲ, ಹೇಗಿರಬೇಕೋ ಹಾಗೆ. ಚೆಂಡು ಕೊಟ್ಟಮೇಲೆ ನಿಲ್ಲದೆ ಮುಂದಕ್ಕೆ ಓಡುತ್ತಾಳೆ. ಇಷ್ಟಾದರೂ ತೀರ್ಪು ಬದಲಾಗುವುದಿಲ್ಲ.

ಬದಲಾಗುವುದು ಹೇಗೆ? ಪೇಪರಿನಲ್ಲಿ ಮತ್ತಷ್ಟು ಬಂದಿದೆ. ಆ ಕ್ಯಾಪ್ಟನ್ ಹೊಸ ಹುಡುಗಿಯರ ತಲೆಯ ಸುತ್ತ ಮುಷ್ಟಿ ಬೀಸಿ ಬೀಸಿ ಬೆದರಿಸಿದಳಂತೆ. ಆ ಮುಷ್ಟಿಗೇ ಮೂರು ಸಲ ಉಗಿಯಿರಿ ಎಂದು ಬಲವಂತ ಮಾಡಿದಳಂತೆ. ಆಮೇಲೆ ಸಾಲ್ಟು, ಪೆಪ್ಪರು ಎಲ್ಲ ಕಾದ ಬಾಣಲೆಗೆ ಸುರಿದಳಂತೆ. ಊಟದ ಮೇಜಿನ ಮೇಲಿಡುವ ಕರಿಮೆಣಸಿನ ಪುಡಿಯಲ್ಲಿ ಇಂಥ ಕ್ರೌರ್ಯ ಮಾಡಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಬಾಯಲ್ಲಿ ಅರ್ಥವಾಗದ ಮಂತ್ರ ಬೇರೆ. ಹುಟ್ಟಿದಾರಭ್ಯ ಇಂಥ ಅನಾಗರಿಕ ಪದ್ಧತಿಯನ್ನು ನಾನು ಕಂಡಿಲ್ಲ, ಕೇಳಿಲ್ಲ. ನಮ್ಮ ಕಡೆ ಯಾರಾದರೂ ಹೀಗೆ ಮಾಡುತ್ತಾರೆಯೇ, ನೀವೇ ಹೇಳಿ.

ತ್ಯಾಗರಾಜ


ಕ್ಲಾರ್ಕ್ಸ್‌ಬರ್ಗ್
7 ಅಕ್ಟೋಬರ್ 2023

ಅಂಪೈರೇ,

ಹುಟ್ಟಿದಾರಭ್ಯ ಕಂಡಿಲ್ಲವೇ? ಮಲ್ಲೇಶ್ವರದಲ್ಲಿ ಬೆಳೆದವರು ನೀವು. ನಿಮ್ಮ ತಾಯಿ ಒಂದು ದಿನವಾದರೂ ನಿಮಗೆ ದೃಷ್ಟಿ ತೆಗೆಯಲಿಲ್ಲವೇ? ಈ ಮೂತಿಗೆ ಯಾರ ಕಣ್ಣು ಬೀಳುತ್ತದೆ ಎಂದು ಬಿಟ್ಟುಬಿಟ್ಟಿದ್ದರೋ?

ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. ತಲೆಯ ಸುತ್ತ ಮೂರು ಸಲ. ಥೂ ಥೂ ಥೂ. ಆಮೇಲೆ ಬೆಂಕಿಗೆ. ಈಗ ಹೊಳೆಯಿತೇ?

ನಿಮ್ಮ ಪತ್ರವನ್ನು ನಾನು ತಿಂಡಿಯ ಹೊತ್ತಿಗೆ ಗಟ್ಟಿಯಾಗಿ ಓದುತ್ತಿದ್ದೆ. ಮುಷ್ಟಿ ಬೀಸುವ ಸಾಲಿಗೆ ಬಂದಾಗ ಎದುರಿಗೆ ಕೂತ ಆಮ್ನಾ ಮೈ ಕುಲುಕಿಸಿ ನಕ್ಕಳು. ಸ್ವಲ್ಪ ಹೊತ್ತಿಗೆ ನೋಡಿದರೆ ಅದು ನಗುವಾಗಿರಲಿಲ್ಲ.

"ನಾನಾ, ಅದು ನಾರ್ಕ್ಯಾನ್ ಅಲ್ಲ. ನಿಮ್ ಸಾಂಗ್ ಅದು. ನಾಯಿ ಕಣ್ಣು, ನರಿ ಕಣ್ಣು."

ನರಿ ಕಣ್ಣು, ನಾರ್ಕ್ಯಾನ್. ಕನ್ನಡ ಬಾರದ ಯಂತ್ರ ಕೇಳಿಸಿಕೊಂಡು ಬರೆದದ್ದು.

"ಇದನ್ನ ಕಾಲೇಜಲ್ಲಿ ಹೇಳ್ಬಾರದಿತ್ತೇನಮ್ಮಾ?" ಎಂದೆ.

"ಏನಂತ ಹೇಳ್ಲಿ ನಾನಾ? ಇಟ್ಸ್ ನಾಟ್ ಡ್ರಗ್ಸ್, ಇಟ್ಸ್ ದಿ ಫಾಕ್ಸ್ ಐ ಅಂತಾನಾ? ಆಗ ಪಕ್ಕಾ ಡ್ರಗ್ಸ್ ಅಂದ್ಕೋತಾರೆ."

ಎಂಟನೇ ನಂಬರು ನನ್ನ ಮೊಮ್ಮಗಳು, ತ್ಯಾಗರಾಜರೇ. ಕ್ಯಾಪ್ಟನ್ನೂ ಅವಳೇ. ಅವಳ ಕಾಲೇಜಿನ ಊರಿಗೇ ನೀವು ಬಂದಿದ್ದೀರೆಂದು ತಿಳಿದಾಗ, ಯಾವುದಾದರೂ ಪಂದ್ಯಕ್ಕೆ ಬಂದು ನಿಮ್ಮ ಬೆನ್ನ ಹಿಂದೆ ದಿಢೀರನೆ ನಿಲ್ಲಬೇಕೆಂದು ಬಾಯಿ ಬಿಗಿಹಿಡಿದಿದ್ದೆ. ಅಷ್ಟರಲ್ಲಿ ಈ ರಗಳೆ. ನಿಮ್ಮ ತೀರ್ಪು ಓದಿದ ಮೇಲೆ ಹೇಳಲು ಬಾಯಿ ಬರಲಿಲ್ಲ.

ನಡೆದದ್ದು ಇಷ್ಟು. ಸೀಸನ್ ಶುರುವಾದಾಗಿನಿಂದ ಒಬ್ಬಳ ಮಂಡಿ, ಇನ್ನೊಬ್ಬಳ ಬೆರಳು, ಹೀಗೆ ತಂಡದಲ್ಲಿ ಏಟಿನ ಮೇಲೆ ಏಟು. ತಂಡಕ್ಕೆ ನಜರ್ ಆಗಿದೆ ಎಂದು ಆಮ್ನಾಳಿಗೆ ಅನ್ನಿಸಿದೆ. ಚಿಕ್ಕಂದಿನಲ್ಲಿ ಅವಳು ಆಡಿ ಬಂದಾಗಲೆಲ್ಲ ನನ್ನ ಬೇಗಂ ತೆಗೆಯುತ್ತಿದ್ದಳು. ಮೈಸೂರಿನ ನಮ್ಮ ಪಕ್ಕದ ಮನೆ ವೇಣುಗೋಪಾಲರ ತಾಯಿಯಿಂದ ಕಲಿತದ್ದು, ಹಾಗಾಗಿ ನಮ್ಮ ಮನೆಯಲ್ಲಿ ನಜರ್ ಕನ್ನಡದಲ್ಲೇ ಇಳಿಯುತ್ತದೆ. ಬೇಗಂ ಹೋದಮೇಲೆ ಆ ಕೆಲಸ ನನ್ನದಾಯಿತು. ಪಾಪದ ಹುಡುಗಿಗೆ ಬ್ಯಾಡಗಿ ಮೆಣಸಿನಕಾಯಿ ಸಿಕ್ಕಿಲ್ಲ. ಅಂಗಡಿಯಲ್ಲಿ ಲೋಕಕ್ಕೆಲ್ಲ ಖಾರವಾದದ್ದು ಎಂದು ಡಬ್ಬಿಯ ಮೇಲೆ ಬರೆದದ್ದನ್ನೇ ತಂದಿದ್ದಾಳೆ. ಹಿತ್ತಲಲ್ಲಿ ಕೆಂಡಕ್ಕೆ ಹಾಕುವುದನ್ನು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಬಾಣಲೆಗೆ ಹಾಕಿದ್ದಾಳೆ. ಅಲಾರಂ ಹೊಡೆದು ಫೈರ್ ಇಂಜಿನ್ನೇ ಬಂದಿತ್ತಂತೆ. ಘಾಟು ಬಂದರೆ ದೃಷ್ಟಿಯಾಗಿಲ್ಲ ಎಂದರ್ಥ, ಅದನ್ನೂ ನಾನು ಹೇಳಿಕೊಟ್ಟಿರಲಿಲ್ಲ. ಆ ತಂಡಕ್ಕೆ ಯಾರ ಕಣ್ಣೂ ತಾಗಿರಲಿಲ್ಲ, ನೋಡಿ.

ಮಕ್ಸೂದಾ ನನ್ನನ್ನು ಹಿಡಿದು ಬೈದಳು. "ದುವಾ ಓದಿದ್ರೆ ಸಾಕಾಗ್ತಿತ್ತು ಅಬ್ಬಾ, ಮೆಣಸಿನಕಾಯಿ ಯಾಕೆ ಬೇಕಿತ್ತು?"

ಇದು ಆಮ್ನಾಳ ಕೊನೆಯ ವರ್ಷ. ಈಗ ಹಾಕಿ ನಿಂತರೆ ಅವಳ ಮಟ್ಟಿಗೆ ಅದು ನಿಂತ ಹಾಗೇ. ಇನ್ನು ಹೇಳಿ, ನಿಮ್ಮ ತೀರ್ಪೇನು?

ಅನ್ವರ್ ಪಾಷಾ


ನಾರ್ತ್ ಕೆರೊಲಿನಾ
12 ಅಕ್ಟೋಬರ್ 2023

ಮೇಷ್ಟ್ರೇ,

ನಮ್ಮಮ್ಮ ಪ್ರತಿ ಶುಕ್ರವಾರ ತೆಗೆಯುತ್ತಿದ್ದರು. ಇಂಗ್ಲಿಷಿನಲ್ಲಿ ಓದಿದ್ದಕ್ಕೆ ನನಗೆ ಗುರುತು ಸಿಗಲಿಲ್ಲ. ಮದುವೆಯ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ನೀವು ಇದನ್ನು ಊರೆಲ್ಲ ಸಾರುವುದು ಗೊತ್ತೇ ಇದೆ, ಸಾರಿಕೊಳ್ಳಿ.

ನಾನೂ ಒಂದು ವಿಷಯ ಹೇಳಿರಲಿಲ್ಲ. ಆ ಸಮಿತಿಯಲ್ಲಿ ಸಿದ್ದೇಶ್ವರಿ ಇದ್ದಳು. ಹೊರಗೆ ಬಾಯಿ ಬಿಡಬಾರದೆಂದು ಆಕೆಗೆ ಕಟ್ಟಪ್ಪಣೆ, ಅದಕ್ಕೇ ಪಾತ್ರೆ ತೊಳೆಯುವುದು. ವಿಡಿಯೋವನ್ನು ಕೆಳಗಿನ ಅಕ್ಷರ ಓದುತ್ತ ಕೇಳಿದ್ದಕ್ಕೆ ಅದು ಕನ್ನಡವೆಂದು ಅವಳಿಗೂ ಹೊಳೆದಿರಲಿಲ್ಲವಂತೆ. ನಿಮ್ಮ ಪತ್ರವನ್ನು ಅವಳ ಮುಂದೆ ಇಟ್ಟೆ. ಓದಿ, "ಅಪ್ಪಾ, ಮಕ್ಸೂದಾ ಮಗಳು ಅಂದ್ಮೇಲೆ ನಾನು ಈ ಕಮಿಟೀಲಿ ಇರೋಕಾಗಲ್ಲ," ಎಂದು ಮಾರನೆಯ ದಿನವೇ ಹೊರಬಂದಳು. ಬರುವಾಗ ಈ ಪದ್ಧತಿ ಗೊತ್ತಿರುವ ಒಬ್ಬ ಹಿರಿಯರಿಂದ ತಿಳಿದುಕೊಳ್ಳಿ ಎಂದು ಹೇಳಿಬಂದಳು. ಈ ಊರಿನಲ್ಲಿ ಅಂಥ ಹಿರಿಯ ನಾನೊಬ್ಬನೇ.

ಹೀಗಾಗಿ ನಿನ್ನೆ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ, ಸೂಟು ಹಾಕಿದ ಆರಡಿ ಡೀನರ ತಲೆಯ ಸುತ್ತ ನಾನು ಉಪ್ಪು ಮೆಣಸಿನಕಾಯಿ ಸುತ್ತಿದೆ. ಕೈ ಎಟುಕದೆ ಅವರನ್ನು ಕುರ್ಚಿಯಲ್ಲಿ ಕೂರಿಸಬೇಕಾಯಿತು. ಹೋದೋರ ಕಣ್ಣು, ಬಂದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಒಂದೊಂದಕ್ಕೂ ಇಂಗ್ಲಿಷ್ ಹೇಳುತ್ತ ಹೋದೆ. ಒಬ್ಬ ಮೇಡಂ ಗಂಭೀರವಾಗಿ, "ವೈ ದಿ ಫಾಕ್ಸ್?" ಎಂದು ಕೇಳಿದರು. ಅದನ್ನು ನಮ್ಮಮ್ಮನನ್ನೇ ಕೇಳಬೇಕಿತ್ತು ಎಂದೆ. ಡೀನರು ಮೂರು ಸಲ ಚೊಕ್ಕವಾಗಿ ಉಗಿದರು. ವಿಡಿಯೋ ಮತ್ತೆ ಹಾಕಿದಾಗ ಎಲ್ಲರಿಗೂ ನರಿ ಕಣ್ಣು ಸರಿಯಾಗಿಯೇ ಕೇಳಿಸಿತು. ಡ್ರಗ್ಸ್ ಮಾತು ಅಲ್ಲಿಗೆ ಮುಗಿಯಿತು.

ಆದರೆ ಮೇಷ್ಟ್ರೇ, ಉಳಿದದ್ದು ಮುಗಿದಿಲ್ಲ. ಚೆಂಡು ಮೇಲೆದ್ದು ಎದುರಾಳಿಯ ಮುಖಕ್ಕೆ ಹೋದರೆ ಬೇಕೆಂದು ಹೊಡೆದೆಯಾ ಎಂದು ಅಂಪೈರು ಕೇಳುವುದಿಲ್ಲ, ಅಪಾಯದ ಆಟ ಎಂದು ಸೀಟಿ ಊದುತ್ತಾನೆ. ಆಸ್ಪತ್ರೆ ಸೇರಿದ ಹುಡುಗಿಯ ಹೆಸರು ಮೇಗನ್. ಅವಳಿಗೆ ಆಸ್ತಮಾ ಇದೆ. ಕೂರಿಸುವ ಮೊದಲು, ನಿನಗೆ ಇದು ಇಷ್ಟವೇ ಎಂದು ಅವಳನ್ನು ಯಾರಾದರೂ ಕೇಳಿದರೇ? ಸಮಿತಿ ಈಗ ನೋಡುತ್ತಿರುವುದು ಅದನ್ನೇ, ಅಮಾನತು ಇನ್ನೂ ಮೇಜಿನ ಮೇಲಿದೆ. ಈ ಪ್ರಶ್ನೆಯನ್ನು ನೀವು ಆಮ್ನಾಳಿಗೆ ಕೇಳಿ. ನಿಮ್ಮ ಮೊಮ್ಮಗಳೆಂದು ನಾನು ಸೀಟಿ ಜೇಬಿನಲ್ಲಿಟ್ಟುಕೊಳ್ಳಲಾರೆ.

ತ್ಯಾಗರಾಜ


ಕ್ಲಾರ್ಕ್ಸ್‌ಬರ್ಗ್
16 ಅಕ್ಟೋಬರ್ 2023

ಅಂಪೈರೇ,

ನಿಮ್ಮ ಪತ್ರದ ಮೊದಲ ಭಾಗಕ್ಕೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಕೊನೆಯ ಭಾಗ ಓದಿ ಮೈಯೆಲ್ಲ ಉರಿಯಿತು. ಮಗುವಿನ ಮೇಲೆ ಇಷ್ಟು ದಿನ ಸುಳ್ಳು ಹೊರಿಸಿದ್ದು ಸಾಲದೇ, ಇನ್ನೂ ಕೇಳುವುದು ಏನಿದೆ ಎಂದು ಅದನ್ನು ಅವಳಿಗೆ ಓದದೆ ಮಡಿಸಿಟ್ಟೆ. ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. "ನಾನಾ, ರೀಡ್ ಆಲ್ ಆಫ್ ಇಟ್," ಎಂದು ಪಕ್ಕದಲ್ಲಿ ಕೂತಳು. ಓದಿದೆ.

ಅವಳು ಫೋನ್ ತೆಗೆದುಕೊಂಡು ಹೊರಗೆ ಹೋದಳು. ಮೇಗನ್‌ಗೆ ಫೋನ್ ಮಾಡಿ ನೇರವಾಗಿ ಕೇಳಿದ್ದಾಳೆ. ಆ ಹುಡುಗಿ, "ನನಗೆ ಹೊಗೆ ಅಂದರೆ ಭಯ ಇತ್ತು. ಆದರೆ ನೀನು ಕ್ಯಾಪ್ಟನ್, ನಾನು ಬಂದು ಒಂದು ತಿಂಗಳಾಗಿತ್ತಷ್ಟೇ, ಹೇಗೆ ಬೇಡ ಅನ್ನಲಿ?" ಎಂದಳಂತೆ. ಒಳಗೆ ಬಂದ ಆಮ್ನಾ ನನ್ನ ಹೆಗಲಿಗೆ ತಲೆ ಇಟ್ಟು, "ನಾನು ಅವಳಿಗೆ ಗುಡ್ ಮಾಡ್ತಿದೀನಿ ಅಂದ್ಕೊಂಡೆ ನಾನಾ. ಕೇಳ್ಲೇ ಇಲ್ಲ," ಎಂದು ಅತ್ತಳು. ಪೇಪರಿನವರು ಏನೇನೋ ಬರೆದಾಗಲೂ ಅವಳು ಇಷ್ಟು ಅತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಕಾರು ಹತ್ತಿ ಹೊರಟಳು. ಗುರುವಾರ ಸಮಿತಿಯ ಮುಂದೆ ತಾನೇ ನಿಂತು ಮೇಗನ್ ಹೇಳಿದ್ದನ್ನೂ ಸೇರಿಸಿ ಎಲ್ಲ ಹೇಳುತ್ತಾಳಂತೆ. ಅದನ್ನು ಹೇಳಬೇಡ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ದಾರಿಗೆ ಪರಾಠ ಕಟ್ಟಿಕೊಟ್ಟರೆ ಎಲ್ಲ ತೆಗೆದುಕೊಂಡಳು, ಅಷ್ಟಕ್ಕೇ ಮಕ್ಸೂದಾಳಿಗೆ ಹಬ್ಬ. ನನಗೆ ಹೆಮ್ಮೆಯೂ ಇದೆ, ಹೆದರಿಕೆಯೂ ಇದೆ. ನಿಮ್ಮ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅನ್ವರ್ ಪಾಷಾ


ನಾರ್ತ್ ಕೆರೊಲಿನಾ
20 ಅಕ್ಟೋಬರ್ 2023

ಮೇಷ್ಟ್ರೇ,

ಹಾಕಿ ನಿಲ್ಲುವುದಿಲ್ಲ. ಇವತ್ತು ಸಂಜೆಯಿಂದಲೇ ಅಭ್ಯಾಸ.

ಒಳಗೆ ನಡೆದದ್ದನ್ನು ನಾನು ನೋಡಿಲ್ಲ, ಡೀನರು ಹೇಳಿ ಕಳಿಸಿದ್ದಷ್ಟು ಗೊತ್ತು. "ತಂಡ ಮಾಡಿದ್ದಲ್ಲ, ನಾನು ಮಾಡಿದ್ದು, ನನ್ನನ್ನು ಕೂರಿಸಿ," ಎಂದಳಂತೆ ನಿಮ್ಮ ಮೊಮ್ಮಗಳು. ಆಮೇಲೆ ಮೇಗನ್ ಎದ್ದು, ಹಾಕಿ ನಿಲ್ಲಿಸುವುದಾದರೆ ತನ್ನ ಹೆಸರಿನಲ್ಲಿ ನಿಲ್ಲಿಸಬೇಡಿ, ತಾನು ಆಡುವುದಕ್ಕೇ ಈ ಕಾಲೇಜಿಗೆ ಬಂದದ್ದು ಎಂದಳಂತೆ. ತೀರ್ಪು ಹೀಗಿದೆ: ತಂಡ ಆಡಬಹುದು. ಲೀಗ್ ಮುಗಿಯುವವರೆಗೆ ಆಮ್ನಾ ಬೆಂಚಿನಲ್ಲಿ. ಮೊದಲ ನಾಲ್ಕು ತಂಡಗಳಲ್ಲಿ ಬಂದು ಕೊನೆಯ ಪಂದ್ಯಾವಳಿಗೆ ಹೋದರೆ ಅಲ್ಲಿ ಆಡಬಹುದು, ಹೋಗದಿದ್ದರೆ ಇಲ್ಲ.

ಮೈದಾನಕ್ಕೆ ಬೀಗ ಹಾಕಬಾರದೆಂದು ನೀವು ಹೇಳಿದ್ದು ಸರಿ. ಇದನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೇನೆ, ಫ್ರೇಮ್ ಹಾಕಿಸಿಕೊಳ್ಳಿ.

ತ್ಯಾಗರಾಜ


ನಾರ್ತ್ ಕೆರೊಲಿನಾ
29 ಅಕ್ಟೋಬರ್ 2023

ಪ್ರೀತಿಯ ಪಾಷಾ ಸಾಹೇಬರೇ,

ಇದನ್ನು ಎಕ್ಸ್‌ಪ್ರೆಸ್ ಅಂಚೆಯಲ್ಲಿ ಹಾಕುತ್ತಿದ್ದೇನೆ.

ನಿನ್ನೆ ಲೀಗಿನ ಕೊನೆಯ ಪಂದ್ಯ. ಸೋಲದಿದ್ದರೆ ಸಾಕಿತ್ತು. ಆಮ್ನಾ ಬೆಂಚಿನಲ್ಲಿದ್ದಳು ಎಂದರೆ ತಪ್ಪಾಗುತ್ತದೆ, ಅವಳು ಒಂದು ಗಳಿಗೆಯೂ ಕೂರಲಿಲ್ಲ. ನೀರಿನ ಬಾಟಲಿ ಹೊತ್ತಳು, ಸ್ಟಿಕ್ ಹೊತ್ತಳು, ಒಬ್ಬೊಬ್ಬಳ ಕಿವಿಯಲ್ಲಿ ಏನೇನೋ ಹೇಳಿ ಕಳಿಸಿದಳು. ಇಬ್ಬರದೂ ಒಂದೊಂದು ಗೋಲು. ಕೊನೆಯ ಗಳಿಗೆಯಲ್ಲಿ ಎದುರು ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಆಗ ಆಮ್ನಾ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಹಿಂದಕ್ಕೆ ತಿರುಗಿಬಿಟ್ಟಳು. ಹಾಗಾಗಿ ಮುಂದಿನದನ್ನು ಅವಳು ನೋಡಿಲ್ಲ. ನಾನು ನೋಡಿದೆ.

ಗೋಲಿನ ಗೆರೆಯ ಮೇಲೆ ಮೇಗನ್ ನಿಂತಿದ್ದಳು, ಸಣಕಲು ಹುಡುಗಿ. ಹೊಡೆತ ಗೋಲ್‌ಕೀಪರನ್ನು ದಾಟಿತು. ಪಾಷಾರೇ, ಸೀಟಿ ಹಿಡಿದ ದಿನದಿಂದ ನಾನು ಯಾವ ತಂಡದ ಪರವಾಗಿಯೂ ಬಾಯಿ ತೆರೆದವನಲ್ಲ. ನಿನ್ನೆ ಬೇಲಿ ಹಿಡಿದು, "ಬಿಡಬೇಡ ಮಗಳೇ, ಬಿಡಬೇಡ," ಎಂದು ಕಿರುಚಿದೆ, ಅದೂ ಕನ್ನಡದಲ್ಲಿ. ಪಕ್ಕದಲ್ಲಿ ಸಿದ್ದೇಶ್ವರಿ ನನಗಿಂತ ಜೋರಾಗಿ ಕಿರುಚುತ್ತಿದ್ದಳು. ಹುಡುಗಿ ಸ್ಟಿಕ್ ಅಡ್ಡ ಹಾಕಿ ಚೆಂಡನ್ನು ಆಚೆ ತಳ್ಳಿದಳು. ಪಂದ್ಯ ಸಮನಾಗಿ ಮುಗಿಯಿತು, ತಂಡ ಮೊದಲ ನಾಲ್ಕರಲ್ಲಿ ಬಂತು.

ಗೆದ್ದವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದನ್ನು ನಾನು ಎಷ್ಟೋ ನೋಡಿದ್ದೇನೆ. ಈ ಹುಡುಗಿಯರು ಹಾಗೆ ಮಾಡಲಿಲ್ಲ. ಎಲ್ಲರೂ ತಿರುಗಿ ಬೆಂಚಿನ ಕಡೆಗೆ ಓಡಿದರು. ಮೊದಲು ತಲುಪಿದ ಮೇಗನ್ ಆಮ್ನಾಳ ಮುಖದ ಮೇಲಿನ ಟವೆಲ್ ಕಿತ್ತೆಸೆದಳು. ಆಮೇಲೆ ಯಾರ ತಲೆ ಯಾರ ಕೈ ಎಂದು ಗೊತ್ತಾಗದಂತೆ ಎಲ್ಲರೂ ಗುಡ್ಡೆಯಾಗಿ ಬಿದ್ದು ನಗುತ್ತಿದ್ದರು.

ಎಷ್ಟೋ ಹೊತ್ತಿನ ಮೇಲೆ ಆಮ್ನಾ ಬೇಲಿಯ ಹತ್ತಿರ ಬಂದಳು. ಮನೆಗೆ ಫೋನ್ ಮಾಡಿದೆಯೇನಮ್ಮಾ ಎಂದೆ. "ಅಮ್ಮನಿಗೆ ಮಾಡ್ದೆ. ನಾನಾಗೆ ಹೇಳ್ಬೇಡಿ ಅಂದಿದೀನಿ. ಅದು ನೀವೇ ಬರೀರಿ ತಾತ, ಹಿ ಲವ್ಸ್ ಯುವರ್ ಲೆಟರ್ಸ್," ಎಂದಳು.

ಏನೆಂದು ಬರೆಯಲಿ ಎಂದು ಕೇಳಿದೆ.

"ಸ್ಯಾಟರ್‌ಡೇ ನಾನು ಆಡ್ತೀನಿ ಅಂತ."

ಬರೆದಿದ್ದೇನೆ. ಹೊರಡಿ.

ನಿಮ್ಮ
ತ್ಯಾಗರಾಜ